ಬಿಜಾಪುರದ ಹಳೆಯ ಫೋಟೋಗಳು ಮತ್ತು ‘ಚಲೋ ಬಂದೈತಿ’ ಅನ್ನುವ ಮಾತು

ಎರಡು ವರ್ಷದ ಹಿಂದೆ ಇಂಡಿ ಬಸ್ ನಿಲ್ದಾಣದಲ್ಲಿ ಒಂದು ಫೋಟೋ ತೆಗೆದೆ. ಗುಳೆ ಹೊರಟ ಕುಟುಂಬ. ಗಂಟಿನ ಮೇಲೆ ಕುಳಿತ ತಾಯಿ, ಮಡಿಲಲ್ಲಿ ನಿದ್ದೆ ಹೋದ ಕೂಸು, ಹಿಂದೆ ಸಂಜೆಯ ಬಿಸಿಲು. ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ‘ಸೂಪರ್’, ‘ಭಾರಿ ಐತಿ’ ಎಂದು ಹತ್ತಾರು ಮಂದಿ ಬರೆದರು. ಹಿರಿಯ ವರದಿಗಾರರೊಬ್ಬರು ಮಾತ್ರ ಫೋನ್ ಮಾಡಿದರು.

“ತಮ್ಮಾ, ಫೋಟೋ ಚಲೋ ಬಂದೈತಿ. ಆಕಿ ಹೆಸರೇನು? ಎಲ್ಲಿಗಿ ಹೊಂಟಿದ್ರು? ಫೋಟೋ ತಗೀತೀನಿ ಅಂತ ಕೇಳಿದ್ಯೇನು?”

ಮೂರಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ಆಗ ಸಿಟ್ಟೇ ಬಂತು. ಬೆಳಕು ಹೇಗಿದೆ, ಚೌಕಟ್ಟು ಹೇಗಿದೆ ಹೇಳುವುದು ಬಿಟ್ಟು ಇವರದೇನು ವಿಚಾರಣೆ ಅನ್ನಿಸಿತು. ಆಮೇಲೆ ನಮ್ಮ ಜಿಲ್ಲೆಯ ಹಳೆಯ ಫೋಟೋಗಳ ಕಥೆ ಓದುತ್ತಾ ಹೋದಂತೆ ಅವರ ಪ್ರಶ್ನೆ ಎಷ್ಟು ಹಳೆಯದು ಎಂಬುದು ತಿಳಿಯಿತು.

ನಮ್ಮ ದೇಶದಲ್ಲಿ ಹವ್ಯಾಸಿ ಛಾಯಾಗ್ರಾಹಕರು ಒಟ್ಟಿಗೆ ಕೂತು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡುವ ಪದ್ಧತಿಗೆ ನೂರ ಎಪ್ಪತ್ತು ವರ್ಷವಾಗಿದೆ. 1854ರಲ್ಲಿ ಬೊಂಬಾಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು. 1856ರಲ್ಲಿ ಮದ್ರಾಸು, ಕಲ್ಕತ್ತಾಗಳಲ್ಲೂ ಇಂಥ ಸಂಘಗಳು ಹುಟ್ಟಿದವು. ಬೊಂಬಾಯಿಯ ಸಂಘದಲ್ಲಿ ಸೇನಾಧಿಕಾರಿಗಳು, ವೈದ್ಯರು ಇದ್ದರು. ಡಾ. ಭಾವು ದಾಜಿಯವರಂಥ ಭಾರತೀಯರೂ ಇದ್ದರು. ಫೋಟೋ ಅವರ ಹೊಟ್ಟೆಪಾಡಲ್ಲ, ಹುಚ್ಚು.

ಅದೇ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಗೆ ಒಂದು ಲೆಕ್ಕ ಹೊಳೆಯಿತು. ಹಳೆಯ ಕಟ್ಟಡಗಳ ಚಿತ್ರ ಬರೆಸಲು ನಕ್ಷೆಗಾರರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಬದಲು ಕ್ಯಾಮೆರಾ ಕಳಿಸಿದರೆ ಖರ್ಚು ಕಡಿಮೆ. ಹೀಗಾಗಿ 1855ರಲ್ಲಿ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಸರ್ಕಾರಿ ಛಾಯಾಗ್ರಾಹಕನಾಗಿ ಬಿಜಾಪುರ, ಬಾದಾಮಿ, ಐಹೊಳೆಗಳಿಗೆ ಬಂದ. ಅದೇ ವರ್ಷ ಅವನನ್ನು ಸೇನೆ ವಾಪಸು ಕರೆಸಿಕೊಂಡಿತು. ಆ ಜಾಗಕ್ಕೆ ಡಾ. ಪಿಗೂ ಎಂಬ ವೈದ್ಯ ಬಂದ.

ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಬಿಜಾಪುರದ ವಾಸ್ತುಶಿಲ್ಪದ ಮೇಲಿನ ಆ ದೊಡ್ಡ ಗ್ರಂಥದಲ್ಲಿ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಫೋಟೋಗಳಿವೆ. ಕ್ಯಾಪ್ಟನ್ ಹಾರ್ಟ್ ಮುಂತಾದವರ ನಕ್ಷೆಗಳನ್ನೂ ಫೋಟೋ ತೆಗೆದು ಸೇರಿಸಿದ್ದಾರೆ. ಇತಿಹಾಸದ ಭಾಗ ಬರೆದವನು ಮೆಡೋಸ್ ಟೇಲರ್. ನಮ್ಮ ಮುದ್ದೇಬಿಹಾಳದ ಆಚೆಗಿರುವ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದವನು ಅವನೇ. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್‌ನದು. ಇವನು ಲಂಡನ್ನಿನಲ್ಲಿ ಕೂತು ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟು ಭಾರತದ ಕಟ್ಟಡಗಳ ಚರಿತ್ರೆಯನ್ನೇ ಬರೆದವನು.

ಒಂದೇ ಪುಸ್ತಕದಲ್ಲಿ ಫೋಟೋ, ನಕ್ಷೆ ಎರಡೂ ಯಾಕೆ ಬೇಕಾಯಿತು? ಗೋಲಗುಮ್ಮಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗೆ ನಿಂತು ಫೋಟೋ ತೆಗೆದರೆ ಗುಮ್ಮಟದ ಗಾತ್ರ ಸಿಗುತ್ತದೆ. ಆದರೆ ಒಳಗೆ ಒಂದನ್ನೊಂದು ಕತ್ತರಿಸುತ್ತಾ ಮೇಲೇರುವ ಕಮಾನುಗಳು ಅಷ್ಟು ಭಾರವನ್ನು ಹೇಗೆ ಹೊತ್ತಿವೆ ಎಂಬುದು ಸಿಗುವುದಿಲ್ಲ. ಅದಕ್ಕೆ ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆಯೇ ಬೇಕು. ಅದು ಫೋಟೋ ತೆಗೆದವನ ತಪ್ಪಲ್ಲ, ಕ್ಯಾಮೆರಾದ ಮಿತಿ. ಯಾರದೇ ಫೋಟೋ ನೋಡುವಾಗ ಈ ಎರಡನ್ನೂ ಬೇರೆ ಮಾಡಿ ಹೇಳಬೇಕು. ‘ಇಲ್ಲಿ ನೀನು ಸರಿಯಾಗಿ ನಿಲ್ಲಲಿಲ್ಲ’ ಅನ್ನುವುದು ಒಂದು ಮಾತು. ‘ಇದನ್ನು ಫೋಟೋ ಹೇಳಲಾರದು, ನೀನು ಬರೆಯಬೇಕು’ ಅನ್ನುವುದು ಇನ್ನೊಂದು.

ಮತ್ತೊಂದು ಸಂಗತಿ. ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಅದರ ಮೇಲೆ ಬಹಳ ಹೊತ್ತು ಬೆಳಕು ಬೀಳಬೇಕಿತ್ತು. ಅಲ್ಲಾಡದೆ ನಿಂತವರು ಚಿತ್ರದಲ್ಲಿ ಉಳಿಯುತ್ತಿದ್ದರು, ನಡೆದಾಡುವವರು ಮಾಯವಾಗುತ್ತಿದ್ದರು. ಅಂಥ ಚಿತ್ರದಲ್ಲಿ ಖಾಲಿ ಅಂಗಳ ಕಂಡು ‘ಇಲ್ಲಿ ಯಾರೂ ಇರಲಿಲ್ಲ’ ಎಂದುಕೊಂಡರೆ ಮೋಸ ಹೋಗುತ್ತೇವೆ. ಜನ ಇದ್ದಿರಬಹುದು, ಕಾಗದಕ್ಕೆ ಅವರು ದಕ್ಕಲಿಲ್ಲ.

ಕ್ಯಾಮೆರಾಕ್ಕೆ ದಕ್ಕದವರ ಕಥೆ ಹೀಗಾದರೆ, ಕೆಲಸ ಮಾಡಿಯೂ ಹೆಸರು ಬಾರದವರ ಕಥೆ ಬೇರೆ. ಆ ಪುಸ್ತಕದ ಮುಖಪುಟ ಹಾರ್ಟ್, ಕಮಿಂಗ್, ಬಿಗ್ಸ್, ಲಾಕ್ ಎಂದು ಹೆಸರು ಹಿಡಿದು ಹೇಳುತ್ತದೆ. ಅವರ ಜೊತೆ ನಕ್ಷೆ ಬರೆದ ನಮ್ಮವರನ್ನು ಮಾತ್ರ ‘ಸ್ಥಳೀಯ ನಕ್ಷೆಗಾರರು’ ಎಂದು ಮುಗಿಸಿಬಿಡುತ್ತದೆ. ಅಂದು ಯಾರಾದರೂ “ಇವರ ಹೆಸರೇನು?” ಎಂದು ಕೇಳಿದ್ದರೆ ಇಂದು ನಮಗೆ ಗೊತ್ತಿರುತ್ತಿತ್ತು. ಇಂಡಿಯ ನನ್ನ ಫೋಟೋಕ್ಕೆ ನಾನು ಮಾಡಿದ್ದೂ ಇದೇ ಅಲ್ಲವೆ?

ಇಪ್ಪತ್ತನೇ ಶತಮಾನದಲ್ಲಿ ಫೋಟೋ ನೋಡುವ ರೀತಿ ಬದಲಾಯಿತು. ದಾಖಲೆಗಿಂತ ಚೆಲುವು ಮುಂದೆ ಬಂತು. 1952ರಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ಹುಟ್ಟಿತು. ಅದನ್ನು ಕಟ್ಟಿದವರು ಬೆಂಗಳೂರಿನ ಡಾ. ಜಿ. ಥಾಮಸ್. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು. ಸ್ಪರ್ಧೆಯ ಪ್ರದರ್ಶನಗಳಿಗೆ ‘ಸಲೋನ್’ ಎಂಬ ಹೆಸರು. ಅಲ್ಲಿ ತೀರ್ಪುಗಾರರು ಸಾಲಾಗಿ ಕೂತು ಚಿತ್ರಕ್ಕೆ ಅಂಕ ಕೊಡುತ್ತಾರೆ. ಗೆದ್ದವನಿಗೆ ಪದಕ, ಸೋತವನಿಗೆ ಅಂಕ. ಯಾಕೆ ಸೋತೆ ಎಂಬುದು ಆ ಅಂಕದಲ್ಲಿ ಇರುವುದಿಲ್ಲ.

ಕಾರಣ ಸಿಗುವುದು ಗುರುವಿನ ಹತ್ತಿರ ಅಥವಾ ಸಂಘದ ಕೂಟದಲ್ಲಿ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕಲಿತದ್ದು ಒ.ಸಿ. ಎಡ್ವರ್ಡ್ಸ್ ಅವರ ಕೈಕೆಳಗೆ. ಆಮೇಲೆ ಪೆರುಮಾಳರೇ ಎಷ್ಟೋ ಮಂದಿಗೆ ಕಲಿಸಿದರು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಅವರೂ ಹವ್ಯಾಸದಿಂದ ಕಾಡಿಗೆ ಕ್ಯಾಮೆರಾ ಹೊತ್ತು ಹೋದವರು, ಅಂತರರಾಷ್ಟ್ರೀಯ ಮನ್ನಣೆ ಪಡೆದವರು.

ಈ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಂದು ಕಟ್ಟುನಿಟ್ಟು ಇದೆ: ಚಿತ್ರಕ್ಕಿಂತ ಪ್ರಾಣಿಯ ಹಿತ ದೊಡ್ಡದು. ಗೂಡಿನ ಮರೆ ಕಿತ್ತು ಮರಿಗಳ ಫೋಟೋ ತೆಗೆದರೆ ಆ ಚಿತ್ರ ಎಷ್ಟೇ ಚೆಂದ ಇರಲಿ, ಬಲ್ಲವರು ಒಪ್ಪುವುದಿಲ್ಲ. ಇದನ್ನು ಓದಿದಾಗ ನನಗೆ ಆ ಹಿರಿಯರ ಫೋನು ನೆನಪಾಯಿತು. ಹಕ್ಕಿಯ ಗೂಡಿಗೆ ಇರುವ ಮರ್ಯಾದೆ ಬಸ್ ನಿಲ್ದಾಣದಲ್ಲಿ ಕೂತ ತಾಯಿಗೆ ಬೇಡವೆ?

ಈಗ ನಾವು ಕೆಲವರು ಸಿಂದಗಿಯಲ್ಲೋ ಬಸವನ ಬಾಗೇವಾಡಿಯಲ್ಲೋ ಸೇರಿದಾಗ ಒಬ್ಬರ ಫೋಟೋ ಒಬ್ಬರು ನೋಡುತ್ತೇವೆ. ಮೊದಲು ನೋಡಿದವರು ಏನು ಕಂಡಿತು ಎಂದಷ್ಟೇ ಹೇಳಬೇಕು. ತೆಗೆದವರು ಅಲ್ಲಿಯ ತನಕ ಸುಮ್ಮನಿರಬೇಕು. ಇದು ಕಷ್ಟ. ‘ಹಂಗಲ್ಲ, ನಾ ಏನ್ ಮಾಡಿದ್ನೆಂದ್ರ…’ ಎಂದು ಬಾಯಿಗೆ ಬಂದೇ ಬರುತ್ತದೆ. ಆದರೆ ಪತ್ರಿಕೆ ಓದುವವರ ಪಕ್ಕ ನಿಂತು ನಾವು ವಿವರಿಸುವುದಿಲ್ಲವಲ್ಲ. ಆಮೇಲೆ ಬೆಳಕು, ಚೌಕಟ್ಟು, ಓರೆಯಾದ ದಿಗಂತದ ಮಾತು. ಕೊನೆಗೆ ಆ ಹಿರಿಯರ ಮೂರು ಪ್ರಶ್ನೆ. ಒಂದು ಸಲ ಆಲಮಟ್ಟಿ ಹಿನ್ನೀರಿನ ಒಳ್ಳೆಯ ಫೋಟೋ ಬಂತು. ದೋಣಿ, ನೀರು, ಮುಳುಗುವ ಸೂರ್ಯ. “ಈ ನೀರಿನ ಕೆಳಗ ಯಾವ ಊರಿತ್ತು?” ಎಂದು ಒಬ್ಬಳು ಕೇಳಿದಳು. ತೆಗೆದವನು ಮರುವಾರ ಮತ್ತೆ ಅಲ್ಲಿಗೆ ಹೋದ, ಈ ಸಲ ನೋಟ್‌ಬುಕ್ ಹಿಡಿದುಕೊಂಡು.

ಇಂಡಿಯ ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಎಲ್ಲೂ ಹಾಕಿಲ್ಲ. ಗುಳೆ ಹೋದವರು ಮರಳುವ ದಿನಗಳಲ್ಲಿ ನಿಲ್ದಾಣಕ್ಕೆ ಹೋದಾಗಲೆಲ್ಲ ಆ ತಾಯಿಯ ಮುಖ ಹುಡುಕುತ್ತೇನೆ. ಸಿಕ್ಕರೆ ಮೊದಲು ಹೆಸರು ಕೇಳಬೇಕು.