ಹೊಳೆ ಸಣ್ಣಗಾದರೆ ಗಣಿ ಸೊರಗುತ್ತಿತ್ತು

ಶಿವನಸಮುದ್ರದ ವಿದ್ಯುದಾಗಾರ ಇರುವ ಜಾಗವನ್ನು ನಮ್ಮ ಕಡೆಯವರು ಇಂದಿಗೂ ಬ್ಲಫ್ ಎಂದೇ ಕರೆಯುತ್ತಾರೆ. ಮಳವಳ್ಳಿ ಸುತ್ತಮುತ್ತ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ನಡುವೆ ನೌಕರಿ ಮಾಡಿ ನಿವೃತ್ತನಾದ ನನಗೆ ಆ ಜಾಗದ ಮೇಲೆ ವಿಶೇಷ ಅಕ್ಕರೆ.

1902ರಲ್ಲಿ ಇಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಬೇಸಿಗೆಯ ಮಾತನ್ನು ಎತ್ತುವವರು ಕಡಿಮೆ.

ಆಗ ಮೇಲುಗಡೆ ನೀರು ಹಿಡಿದಿಡುವ ದೊಡ್ಡ ಕಟ್ಟೆ ಇರಲಿಲ್ಲ. ಹರಿಯುವ ಹೊಳೆಯನ್ನು ಕಾಲುವೆಗೆ ತಿರುಗಿಸಿ, ಕೊಳವೆಗಳಲ್ಲಿ ಕೆಳಗಿಳಿಸಿ ಟರ್ಬೈನ್ ತಿರುಗಿಸಬೇಕಿತ್ತು. ಬೇಸಿಗೆಯಲ್ಲಿ ಕಾವೇರಿ ಸಣ್ಣಗಾದರೆ ಯಂತ್ರಗಳೂ ಸೊರಗುತ್ತಿದ್ದವು. ಸಾವಿರಾರು ಅಡಿ ಆಳದಿಂದ ಅದಿರು ಎತ್ತುವ ಗಣಿಗೆ ಅದು ಸಣ್ಣ ತೊಂದರೆಯಲ್ಲ.

ಕನ್ನಂಬಾಡಿ ಕಟ್ಟೆಯ ಹಿಂದೆ ಈ ಕೊರತೆಯೂ ಇತ್ತು. ನಮ್ಮ ಮಂಡ್ಯದವರಿಗೆ ಅದು ಭತ್ತ, ಕಬ್ಬಿನ ಕಟ್ಟೆ. ಆದರೆ 1911ರಲ್ಲಿ ಕೆಲಸ ಶುರುವಾದಾಗ ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಸೇರಿತ್ತು. ಮಳೆಗಾಲದ ನೀರನ್ನು ಬೇಸಿಗೆಗೆ ಎತ್ತಿಟ್ಟರು. ಹವಾಮಾನದ ಹೊಡೆತದಿಂದ ಕರೆಂಟನ್ನು ಕಾಯಲು ಮೈಸೂರು ಸೀಮೆ ಮಾಡಿದ ಮೊದಲ ದೊಡ್ಡ ಕೆಲಸ ಇದೇ ಎಂಬುದು ನನ್ನ ನಂಬಿಕೆ.

ಆಮೇಲೆ ಜೋಗ, ಲಿಂಗನಮಕ್ಕಿ, 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ. ಇಡೀ ನಾಡು ಮಲೆನಾಡಿನ ಮಳೆಗೆ ಜೋತುಬಿದ್ದಿತು. ಅಲ್ಲಿ ಮಳೆ ಕೈಕೊಟ್ಟ ವರ್ಷ ಬಯಲುಸೀಮೆಗೆ ಲೋಡ್ ಶೆಡ್ಡಿಂಗ್. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತೆಂದು ರೈತರು ಟಾರ್ಚ್ ಹಿಡಿದು, ಹಾವು ಚೇಳೆನ್ನದೆ ಪಂಪ್‌ಸೆಟ್ಟಿಗೆ ಓಡುತ್ತಿದ್ದರು. "ಸಾರ್, ನಾಳೆಯಾದ್ರೂ ಹಗಲೊತ್ತು ಕೊಡ್ತೀರಾ?" ಎಂದು ಕೇಳಿದವರಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ರಾಯಚೂರಿನ ಕಲ್ಲಿದ್ದಲು ವಿದ್ಯುದಾಗಾರ ಬಂದ ಮೇಲೂ ಮಳೆ ಕೈಕೊಡುವ ಭಯ ಹೋಗಲಿಲ್ಲ. 2023ರ ಬರದಲ್ಲಿ ಮತ್ತೆ ಕರೆಂಟಿಗೆ ಹಾಹಾಕಾರ.

ಈಗ ಪಾವಗಡದಲ್ಲಿ, ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಮಳೆ ಬಾರದ ಸೀಮೆಯೇ ನಾಡಿಗೆ ಹಗಲಿನ ಕರೆಂಟು ಕೊಡುತ್ತಿರುವುದು ನನಗೆ ಬಹಳ ಸಂತೋಷದ ಸಂಗತಿ. ಬಿಸಿಲಿಲ್ಲದ ಸಂಜೆಗೆ ಮಾತ್ರ ಕರೆಂಟನ್ನು ಎತ್ತಿಡುವ ಪ್ರಶ್ನೆ ಮತ್ತೆ ಏಳುತ್ತದೆ. ಅದಕ್ಕಾಗಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವಾಟ್ ಯೋಜನೆ ಹೂಡಿದ್ದಾರೆ. ಎತ್ತಿಡುವುದು ಬೇಕೇ ಬೇಕು; ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯ, ಶರಾವತಿಯನ್ನು ಪೊರೆಯುವ ಕಾಡು. ಎತ್ತಿಡಲು ಬ್ಯಾಟರಿಯಿದೆ, ಸೋಲಾರ್ ಹಾಕಲು ಊರೂರಿನ ಮಾಳಿಗೆಗಳಿವೆ. ಸರ್ಕಾರ ಮೊದಲು ಅವನ್ನು ಪೂರ್ತಿ ಬಳಸಲಿ, ಆ ಕಣಿವೆಯನ್ನು ಬಿಟ್ಟುಬಿಡಲಿ.