ಕೆರೆಯಿಲ್ಲದ ಕೆರೆಯೂರುಗಳು

ಹೈದರಾಬಾದಿಗೆ ಬಂದ ಹೊಸತರಲ್ಲಿ ಮಾಸಬ್ ಟ್ಯಾಂಕ್ ಸ್ಟಾಪಿನಲ್ಲಿ ಬಸ್ಸಿಳಿದು ಕೆರೆ ಎಲ್ಲಿದೆ ಎಂದು ಸುತ್ತ ನೋಡಿದ್ದೆ. ಕಂಡದ್ದು ಫ್ಲೈಓವರ್, ಕಾಲೇಜು, ಸಾಲು ಅಂಗಡಿಗಳು. ಕುತುಬ್‌ಶಾಹಿ ಮನೆತನದ ಹಯಾತ್ ಬಕ್ಷಿ ಬೇಗಮರನ್ನು ಜನ 'ಮಾ ಸಾಹೇಬಾ' ಎಂದು ಕರೆಯುತ್ತಿದ್ದರು. ಅವರ ಹೆಸರಿನ ಕೆರೆಯೇ ಬಾಯಿಂದ ಬಾಯಿಗೆ ಸವೆದು ಮಾಸಬ್ ಟ್ಯಾಂಕ್ ಆಗಿದೆ. ಸವೆದಾದರೂ ಹೆಸರು ಉಳಿಯಿತು, ಕೆರೆ ಉಳಿಯಲಿಲ್ಲ.

ಇಲ್ಲಿ ಇಂಥ ಹೆಸರುಗಳು ಬೇಕಾದಷ್ಟಿವೆ. ನಲ್ಲಕುಂಟ ಎಂದರೆ ಕರಿಕುಂಟೆ. ತೆಲುಗಿನ 'ಚೆರುವು' ನಮ್ಮ 'ಕೆರೆ'ಯ ಒಡಹುಟ್ಟು. ಇ, ಎ ಸ್ವರಗಳ ಹಿಂದಿದ್ದ ಹಳೆಯ ಕಕಾರ ತೆಲುಗಿನಲ್ಲಿ ಚಕಾರವಾಯಿತು, ಕನ್ನಡದಲ್ಲಿ ಹಾಗೆಯೇ ಉಳಿಯಿತು: ಕಿವಿ–ಚೆವಿ, ಕೆರೆ–ಚೆರುವು. ಮಾತಿನಂತೆ ಕಸುಬೂ ಒಂದೇ. ಏರಿ ಹಾಕಿ ಮಳೆನೀರು ನಿಲ್ಲಿಸುವುದು, ಕೋಡಿ ಬಿದ್ದರೆ ಕೆಳಗಿನ ಕೆರೆಗೆ ದಾಟಿಸುವುದು.

ಈ ಸಾಲು ತಪ್ಪಿದರೆ ಏನಾಗುತ್ತದೆಂದು ನಗರ ಒಮ್ಮೆ ಕಂಡಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎನ್ನುತ್ತಾರೆ. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದಲ್ಲಿದ್ದ ಹುಣಸೆಮರ ಹತ್ತಿ ಸುಮಾರು 150 ಜನ ಬದುಕಿಕೊಂಡರು. ಉರ್ದು ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳನ್ನು ಕಳೆದುಕೊಂಡರು.

ಮುಂಬಯಿ ಪ್ರಾಂತ್ಯದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಬಂದ ಅವರು ನಗರವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ಅದಕ್ಕೆ ನೀರು ಹರಿದು ಬರುವ ಮೇಲಿನ ಸೀಮೆಯನ್ನೂ ಪರಿಶೀಲಿಸಿದರು. ಅಲ್ಲಿದ್ದದ್ದು 788 ಕೆರೆಗಳು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಆ ಮಳೆಗೆ ಅವುಗಳಲ್ಲಿ 221 ಒಡೆದಿದ್ದವು. ಊರನ್ನು ಉಳಿಸಬೇಕಾದರೆ ಊರಿನಾಚೆ ನೀರನ್ನು ತಡೆಯಬೇಕೆಂಬುದು ಅವರ ಸಲಹೆ. ಹಾಗೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಪೂರ್ತಿಯಾದವು. ಪ್ರವಾಹ ತಡೆಯಲು ಕಟ್ಟಿದ ಅವೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ಮುಂದೆ ಮಂಜೀರಾ, ಕೃಷ್ಣಾ, ಗೋದಾವರಿಗಳ ನೀರು ದೂರದಿಂದ ಪೈಪಿನಲ್ಲಿ ಬಂತು. ಕುಡಿಯುವ ನೀರು ದೂರದಿಂದ ಬರುವಾಗ ಹತ್ತಿರದ ಕೆರೆ ಬರೀ ಜಾಗವಾಗಿ ಕಾಣತೊಡಗುತ್ತದೆ. ಅದರಲ್ಲೂ ಐಟಿ ಕಂಪನಿಗಳು ಬಂದು ಊರು ಪಶ್ಚಿಮಕ್ಕೆ ಓಡತೊಡಗಿದಾಗ ಆ ಜಾಗಕ್ಕೆ ಚದರಡಿ ಲೆಕ್ಕದ ಬೆಲೆ ಬಂತು. ಎರಡು ಸಾಗರಗಳ ಸುತ್ತ 10 ಕಿಲೋಮೀಟರಿನೊಳಗೆ ದೊಡ್ಡ ನಿರ್ಮಾಣಗಳನ್ನು ತಡೆಯುವ 111ನೇ ಸಂಖ್ಯೆಯ ಸರ್ಕಾರಿ ಆದೇಶ 1996ರಲ್ಲಿ ಹೊರಟಿತು. 2022ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕುವ ಆದೇಶವೂ ಹೊರಟಿತು. ಅದಕ್ಕೆ ಎರಡು ವರ್ಷ ಮೊದಲಷ್ಟೇ, 2020ರ ಅಕ್ಟೋಬರಿನ ಮಳೆಗೆ ಗುರ್ರಂ ಚೆರುವಿನ, ಅಂದರೆ ಕುದುರೆಕೆರೆಯ, ಏರಿ ಒಡೆದು ಹಳೇ ಊರಿನ ಕಾಲೊನಿಗಳು ಮುಳುಗಿದ್ದವು. ಕೆರೆ ಎಲ್ಲಿತ್ತೆಂದು ಜನ ಮರೆಯಬಹುದು. ತಗ್ಗು ಎಲ್ಲಿದೆಯೆಂದು ನೀರಿಗೆ ಯಾರೂ ಹೇಳಿಕೊಡಬೇಕಿಲ್ಲ.

ದೂರು ಹೇಳುವ ಮೊದಲು ನನ್ನದೂ ಒಂದಿದೆ. ಕೆಲವು ವರ್ಷಗಳ ಹಿಂದೆ ಅಪಾರ್ಟ್‌ಮೆಂಟೊಂದರ ಜಾಹೀರಾತನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಿತು. ಹೆಸರಿನಲ್ಲಿ 'ಲೇಕ್' ಇತ್ತು. ಕೆರೆ ಯಾವ ದಿಕ್ಕಿಗಿದೆ, ವಾಕ್ಯ ಸರಿಹೊಂದಿಸಬೇಕು ಎಂದು ಕೇಳಿದೆ. "ಕೆರೆ ಏನಿಲ್ಲ ಮೇಡಂ, ಹೆಸರಷ್ಟೇ" ಎಂದರು. 'ಸರೋವರದ ತಂಗಾಳಿ' ಎಂದು ಬರೆದು ಕಳಿಸಿದೆ, ದುಡ್ಡೂ ತೆಗೆದುಕೊಂಡೆ. ಅದನ್ನು ಓದಿ ಯಾರಾದರೂ ಸಾಲ ಮಾಡಿ ಅಲ್ಲಿ ಮನೆ ಕೊಂಡಿರಬಹುದು. ಜೋರು ಮಳೆ ಬಂದ ರಾತ್ರಿ ಅವರ ನೆನಪಾಗುತ್ತದೆ.

ನೀವಿರುವ ಊರಲ್ಲೂ ಇಂಥದ್ದಿದೆ. ಮುಂಬಯಿಯ ಧೋಬಿ ತಲಾವ್‌ನಲ್ಲಿ ತಲಾವ್ ಇಲ್ಲ, ಚೆನ್ನೈಯ ಪಶ್ಚಿಮ ಮಾಂಬಲದ ಲೇಕ್ ವ್ಯೂ ರೋಡಿನಿಂದ ಲೇಕ್ ಕಾಣುವುದಿಲ್ಲ. ಬೆಂಗಳೂರಿಗೆ ಹೋದಾಗ ನೀವು ಬಸ್ಸಿಳಿಯುವ ಮೆಜೆಸ್ಟಿಕ್ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಮನೆ ಹುಡುಕುವಾಗ ಬಾಡಿಗೆ, ಅಡ್ವಾನ್ಸ್ ವಿಚಾರಿಸುತ್ತೀರಲ್ಲ, ಜೊತೆಗೆ ಬೀದಿಯ ಹಳೆಯ ಹೆಸರನ್ನೂ ಕೇಳಿ. ಅದರಲ್ಲಿ ತಲಾವ್, ಕುಂಟ, ಏರಿ, ಕೆರೆ ಇದ್ದರೆ ಅಲ್ಲಿನ ಹಳಬರೊಬ್ಬರನ್ನು ಹಿಡಿದು ಇನ್ನೊಂದು ಮಾತು ಕೇಳಿ: ಮೊದಲು ಮಳೆನೀರು ಯಾವ ಕಡೆ ಹರಿದು ಹೋಗುತ್ತಿತ್ತು?