ಗಲಾರ್ಸಾ, ಎರ್ನೆಸ್ಟೊ (1905–1984)

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿದ ಮೆಕ್ಸಿಕೋ ಮೂಲದವರಾದ ಚಿಕಾನೋ ಜನರ ಲೇಖಕ, ವಿದ್ವಾಂಸ, ಕೃಷಿಕಾರ್ಮಿಕರ ಸಂಘಟಕ. ಮೆಕ್ಸಿಕೋ ದೇಶದ ನಯಾರಿತ್ ಪ್ರಾಂತದ ಹಾಲ್ಕೊಕೊಟಾನ್ ಎಂಬ ಗಿರಿಗ್ರಾಮದಲ್ಲಿ ಜನಿಸಿ, ಅಲ್ಲಿಯ ಕ್ರಾಂತಿಯ ಕ್ಷೋಭೆಯಿಂದ ಪಾರಾಗಲು ತಾಯಿಯೊಡನೆಯೂ ಸೋದರಮಾವಂದಿರೊಡನೆಯೂ ಊರೂರು ಅಲೆದು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೋ ನಗರವನ್ನು ಸೇರಿದ ಈತ, ಇನ್‌ಫ್ಲುಯೆಂಜಾ ಮಹಾಮಾರಿಗೆ ತಾಯಿಯನ್ನೂ ಒಬ್ಬ ಮಾವನನ್ನೂ ಕಳೆದುಕೊಂಡು, ಶಾಲೆಯ ಬಿಡುವಿನಲ್ಲಿ ಹೊಲಗಳ ಕೂಲಿಮಾಡಿ ವಿದ್ಯೆ ಕಲಿತನು. ಕೂಲಿಕಾರರ ಬಿಡಾರವೊಂದರಲ್ಲಿ ಮಲಿನ ಜಲದ ದೆಸೆಯಿಂದ ಶಿಶುವೊಂದು ಅಸುನೀಗಿದಾಗ, ಇಂಗ್ಲಿಷು ಬಲ್ಲ ಹುಡುಗನೆಂದು ಹಿರಿಯರು ತಮ್ಮ ಅಹವಾಲನ್ನು ಸರಕಾರಕ್ಕೆ ಮುಟ್ಟಿಸಲು ಇವನನ್ನೇ ಕಳುಹಿಸಿದರು. ಸಂಘ ಕಟ್ಟಿಕೊಳ್ಳಿರೆಂಬ ಅಧಿಕಾರಿಯ ಹಿತವಚನವನ್ನು ಹೊತ್ತು ತಂದು ಬಿಡಾರದವರಿಗೆ ತಿಳಿಸಿದ ತಪ್ಪಿಗೆ ಕೆಲಸ ಹೋಯಿತು. ಮುಂದೆ ಈತ ನಡೆದ ಹಾದಿಯೆಲ್ಲವೂ ಅಲ್ಲಿಂದಲೇ ಹೊರಟಿತೆನ್ನಬೇಕು.

ಆಕ್ಸಿಡೆಂಟಲ್ ಕಾಲೇಜು, ಸ್ಟ್ಯಾನ್‌ಫರ್ಡ್‌ಗಳಲ್ಲಿ ಓದಿ, ಕೊಲಂಬಿಯ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದು, ವಾಷಿಂಗ್‌ಟನ್ನಿನ ಪ್ಯಾನ್ ಅಮೆರಿಕನ್ ಯೂನಿಯನ್ನಿನಲ್ಲಿ ಉನ್ನತ ಹುದ್ದೆಯಲ್ಲಿದ್ದ ಗಲಾರ್ಸಾ, ಆ ಹುದ್ದೆಯನ್ನು ತೊರೆದು ರಾಷ್ಟ್ರೀಯ ಕೃಷಿಕಾರ್ಮಿಕ ಸಂಘದ ಕೆಲಸಕ್ಕಾಗಿ ಹೊಲಗಳಿಗೇ ಮರಳಿದನು. ಕ್ಯಾಲಿಫೋರ್ನಿಯದ ಆರ್ವಿನ್ ಬಳಿಯ ಡಿಜಾರ್ಜಿಯೋ ಸಂಸ್ಥೆಯ ತೋಟಗಳಲ್ಲಿ 1947ರ ಅಕ್ಟೋಬರಿನಲ್ಲಿ ಮೊದಲಾದ ಮುಷ್ಕರವು 1950ರವರೆಗೆ ಎಳೆದು, ಸಂಘದ ಚಲನಚಿತ್ರದ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯಿಂದಲೂ, ಕಾಂಗ್ರೆಸ್ಸಿನ ಉಪಸಮಿತಿಯ ವರದಿಯೆಂದು ಪ್ರಚುರವಾದ ಪತ್ರವೊಂದರಿಂದಲೂ ಕುಗ್ಗಿ ಮುರಿದುಬಿದ್ದಿತು. ಆ ಪತ್ರಕ್ಕೆ ಅಧಿಕೃತ ವರದಿಯ ಪ್ರಾಮಾಣ್ಯವೇ ಇರಲಿಲ್ಲವೆಂಬುದನ್ನು ಗಲಾರ್ಸಾ ಬಿಡದೆ ಶೋಧಿಸಿ, 1970ರಲ್ಲಿ ಗ್ರಂಥರೂಪದಲ್ಲಿ ಸಮಗ್ರವಾಗಿ ನಿರೂಪಿಸಿದನು.

ಆದರೆ ಈತನ ಲೇಖನಿಯ ನಿಜವಾದ ಬಲ ಪ್ರಕಟವಾದದ್ದು ಬ್ರಾಸೆರೋ ಪದ್ಧತಿಯ ವಿಷಯದಲ್ಲಿ. ಉಭಯ ಸರಕಾರಗಳ ಒಡಂಬಡಿಕೆಯಂತೆ 1942ರಿಂದ ಮೆಕ್ಸಿಕೋದಿಂದ ಕರಾರಿನ ಮೇಲೆ ಬರುತ್ತಿದ್ದ ಕೂಲಿಗಳನ್ನು ತೋರಿಸಿ ಸ್ಥಳೀಯರ ಕೂಲಿಯನ್ನು ಇಳಿಸುವುದೂ, ಬಂದವರಿಗೆ ಬರೆದುಕೊಟ್ಟ ಕರಾರನ್ನೇ ಮೀರುವುದೂ ನಿತ್ಯದ ಮಾತಾಗಿದ್ದುವು. ಬಿಡಾರ ಬಿಡಾರಗಳಲ್ಲಿ ಆ ಕೂಲಿಗಳನ್ನೇ ವಿಚಾರಿಸಿ ‘ಸ್ಟ್ರೇಂಜರ್ಸ್ ಇನ್ ಅವರ್ ಫೀಲ್ಡ್ಸ್’ (1956) ಎಂಬ ವರದಿಯನ್ನೂ, ಬಳಿಕ ‘ಮರ್ಚೆಂಟ್ಸ್ ಆಫ್ ಲೇಬರ್’ (1964) ಎಂಬ ಗ್ರಂಥವನ್ನೂ ಈತ ರಚಿಸಿದನು. ಪದ್ಧತಿ ಅದೇ 1964ರಲ್ಲಿ ಅಂತ್ಯಗೊಂಡಿತು. ಅದಕ್ಕೆ ಹಿಂದಿನ ವರ್ಷ ಕ್ಯಾಲಿಫೋರ್ನಿಯದ ಚುವಲಾರಿನಲ್ಲಿ, ಜನಸಾಗಣೆಗೆ ಮಾರ್ಪಡಿಸಿದ ಲಾರಿಗೆ ರೈಲು ಬಡಿದು 32 ಮಂದಿ ಕೂಲಿಗಳು ಮಡಿದಾಗ ಅದರ ತನಿಖೆಯನ್ನು ನಡೆಸಿದವನೂ ಈತನೇ. ಸಂಘ ಸೋತಲ್ಲಿ ಗ್ರಂಥ ಗೆದ್ದಿತೆಂದು ಸರಳವಾಗಿ ಹೇಳಲಾಗದು. ಆದರೂ ಇಷ್ಟು ದೃಢವಾದ ಸಾಕ್ಷ್ಯವನ್ನು ಆ ಕೂಲಿಗಳ ಪರವಾಗಿ ಮತ್ತಾರೂ ಕೂಡಿಹಾಕಿರಲಿಲ್ಲ.

ಬಾಲ್ಯವನ್ನು ಚಿತ್ರಿಸುವ ‘ಬ್ಯಾರಿಯೋ ಬಾಯ್’ (1971) ಈತನ ಕೃತಿಗಳಲ್ಲಿ ಅತ್ಯಂತ ಜನಪ್ರಿಯ. ಕಡೆಯ ವರ್ಷಗಳನ್ನು ಸ್ಯಾನ್ ಹೋಸೆ ನಗರದಲ್ಲಿ ದ್ವಿಭಾಷಾ ಶಿಕ್ಷಣಕ್ಕಾಗಿ ಮುಡಿಪಾಗಿಟ್ಟು, ಚಿಕಾನೋ ಮಕ್ಕಳಿಗೆಂದು ಸ್ಪ್ಯಾನಿಷಿನಲ್ಲಿ ಪದ್ಯಗಳ ಪುಟ್ಟ ಹೊತ್ತಗೆಗಳನ್ನು ಬರೆದು ಪ್ರಕಟಿಸಿ, 1984ರಲ್ಲಿ ಅಲ್ಲಿಯೇ ನಿಧನನಾದನು.